ಪಿನ್ ಎಂದರೆ ಪಾಸಿಂಗ್ ಆಫೀಸರ್ ಸಹಿ

ಪ್ರಶ್ನೆ: ನಾವು ಮುಂಬೈ ಹೊರವಲಯದ ಡೊಂಬಿವಲಿಯಲ್ಲಿದ್ದೇವೆ. ತಂದೆಗೆ 73 ವರ್ಷ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಸ್ಮಾರ್ಟ್‌ಫೋನ್ ಕೊಡಿಸಿ ಎರಡು ವರ್ಷವಾಯಿತು, ಕರೆ ಬಿಟ್ಟರೆ ಬೇರೇನಕ್ಕೂ ಮುಟ್ಟುವುದಿಲ್ಲ. ಯುಪಿಐ ಎಂದರೆ ‘ನನಗೆ ಬೇಡ’ ಎನ್ನುತ್ತಾರೆ. ತಿಂಗಳಿಗೆರಡು ಸಲ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಾರೆ. ತಾಯಿಗೆ 67, ಅವರದು ತದ್ವಿರುದ್ಧ: ವಾಟ್ಸ್ಯಾಪ್‌ನಲ್ಲಿ ಬಂದದ್ದನ್ನೆಲ್ಲ ಒತ್ತುತ್ತಾರೆ. 16ರ ಮಗ ಅಜ್ಜನ ಕೈಯಿಂದ ಫೋನ್ ತೆಗೆದುಕೊಂಡು ಕ್ಷಣದಲ್ಲಿ ಮಾಡಿಕೊಡುತ್ತಾನೆ, ಆಮೇಲೆ ಇಬ್ಬರಿಗೂ ಜಗಳ. ನಾನು ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ಮನೆ ಸೇರುವುದು ರಾತ್ರಿ. ಈ ವಯಸ್ಸಿನಲ್ಲಿ ಅವರಿಗೆ ಕಲಿಸಲು ಸಾಧ್ಯವೇ? ಹೇಗೆ?

ಉತ್ತರ: ಸಾಧ್ಯ. ಆದರೆ ‘ಈ ವಯಸ್ಸಿನಲ್ಲಿ’ ಎಂಬ ಮಾತನ್ನು ಮೊದಲು ಬದಿಗಿಡಿ. ನಿಮ್ಮ ತಂದೆಯ ತಲೆಮಾರಿನ ಬ್ಯಾಂಕ್ ನೌಕರರು ಕೆಲಸಕ್ಕೆ ಸೇರಿದಾಗ ಲೆಡ್ಜರ್ ಬರೆಯುತ್ತಿದ್ದದ್ದು ಕೈಯಲ್ಲಿ. ಎಂಬತ್ತರ ದಶಕದಲ್ಲಿ ಎಎಲ್‌ಪಿಎಂ ಎಂಬ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು, 2000ದ ನಂತರ ಶಾಖೆಗಳನ್ನೆಲ್ಲ ಒಂದೇ ಕಂಪ್ಯೂಟರ್ ಜಾಲಕ್ಕೆ ತಂದ ಕೋರ್ ಬ್ಯಾಂಕಿಂಗ್. ಮನೆಯಲ್ಲಿ ಟ್ರಂಕ್ ಕಾಲ್ ಹೋಗಿ ಎಸ್‌ಟಿಡಿ, ಎಸ್‌ಟಿಡಿ ಹೋಗಿ ಮೊಬೈಲ್. ಸ್ಟೇಷನ್ನಿನಲ್ಲಿ ರಟ್ಟಿನ ಟಿಕೆಟ್, ನಂತರ ಕೂಪನ್ ಪುಸ್ತಕ ಮತ್ತು ಅದಕ್ಕೆ ಮುದ್ರೆ ಒತ್ತುವ ಸಿವಿಎಂ ಯಂತ್ರ, ಆಮೇಲೆ ಸ್ಮಾರ್ಟ್ ಕಾರ್ಡಿನಿಂದ ಟಿಕೆಟ್ ಕೊಡುವ ಎಟಿವಿಎಂ. ಇಷ್ಟು ಯಂತ್ರಗಳಿಗೆ ಒಗ್ಗಿಕೊಂಡ ಮನುಷ್ಯ ಫೋನಿಗೆ ಮಾತ್ರ ಬೇಡ ಎನ್ನುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಎಎಲ್‌ಪಿಎಂ ಮುಂದೆ ಕೂತವರಿಗೆ ತರಬೇತಿ ಇತ್ತು, ಪಕ್ಕದ ಮೇಜಿನಲ್ಲಿ ಗೊತ್ತಿದ್ದವರು ಇದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಪಾಸ್ ಮಾಡುತ್ತಿದ್ದರು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುತ್ತಿರಲಿಲ್ಲ, ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ಫೋನಿನಲ್ಲಿ ಇವು ಒಂದೂ ಇಲ್ಲ. ಒತ್ತಿದವರೂ ಅವರೇ, ಪಾಸ್ ಮಾಡಿದವರೂ ಅವರೇ. ದುಡ್ಡು ಹೋದರೆ ಹೋಯಿತು. ಇಷ್ಟೂ ತಿಳಿದಿರುವ ಬ್ಯಾಂಕಿನ ಮನುಷ್ಯ ‘ನನಗೆ ಬೇಡ’ ಎಂದರೆ ಅದು ಹಟವಲ್ಲ. ಅಪಾಯವನ್ನು ಸರಿಯಾಗಿ ಅಳೆದ ಮಾತು. ಅದರ ಮೇಲೆ, ನಮ್ಮ ಕರಾವಳಿಯ ಬ್ಯಾಂಕುಗಳಲ್ಲಿ ಜೀವಮಾನವೆಲ್ಲ ದುಡಿದವರು 2019 ಮತ್ತು 2020ರ ಏಪ್ರಿಲ್‌ಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಎಂಬ ಹೆಸರುಗಳೇ ಫಲಕದಿಂದ ಇಳಿದುದನ್ನು ಕಂಡಿದ್ದಾರೆ. ಕಾಗದದ ಮೇಲೆ ಕಾಣುವ ನಮೂದಿನ ಮೇಲೆ ಅವರಿಗಿರುವ ನಂಬಿಕೆ ಹಳೆಯ ಚಾಳಿಯೆಂದು ತಳ್ಳುವಂಥದ್ದಲ್ಲ.

ಆದ್ದರಿಂದ ಕಲಿಸುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ತಪ್ಪಿನ ಬೆಲೆ ಇಳಿಸುವುದು.

ಪಿಂಚಣಿ ಬರುವ ಖಾತೆಯನ್ನು ಯುಪಿಐಗೆ ಜೋಡಿಸಲೇಬೇಡಿ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಲಿ. ಅದೇ ಬ್ಯಾಂಕಿನಲ್ಲಿ ತೆರೆದರೆ ಒಂದೇ ಮೊಬೈಲ್ ಸಂಖ್ಯೆಗೆ ಎರಡೂ ಖಾತೆ ಒಟ್ಟಿಗೆ ತೆರೆಯ ಮೇಲೆ ಬಂದು, ಆಯ್ಕೆ ಮಾಡುವಾಗ ಗೊಂದಲವಾಗುತ್ತದೆ. ಹೊಸ ಖಾತೆಯಲ್ಲಿ ಕನಿಷ್ಠ ಮೊತ್ತದ ನಿಯಮ ಎಷ್ಟೋ ಅಷ್ಟರ ಮೇಲೆ 3,000 ರೂಪಾಯಿ ಇಡಿ. ಮುಗಿದಾಗ ಅವರೇ ಪಿಂಚಣಿ ಖಾತೆಯಿಂದ ಚೆಕ್ ಬರೆದು ತುಂಬಲಿ. ‘ಏನೇ ಆದರೂ ಹೋಗುವುದು ಇಷ್ಟೇ’ ಎಂಬ ಅಂಕೆ ಬಾಯಲ್ಲಿ ಹೇಳುವಷ್ಟು ಸ್ಪಷ್ಟವಾಗಿರಬೇಕು. ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಫೋನಿನ ಕವರಿನೊಳಗೆ ಇರಬಾರದು, ಕಪಾಟಿನಲ್ಲಿರಲಿ. ಫೋನೂ ಕಾರ್ಡೂ ಒಟ್ಟಿಗೆ ಒಬ್ಬನ ಕೈಗೆ ಸಿಕ್ಕರೆ ಪಿನ್ ಹೊಸದಾಗಿ ಹಾಕಿಕೊಳ್ಳಲು ಬೇಕಾದ ಸಾಮಗ್ರಿ ಬಹುತೇಕ ಅವನ ಬಳಿ ಇದ್ದಂತೆ.

ಯುಪಿಐ ಲೈಟ್ ಬಗ್ಗೆ ಯಾರಾದರೂ ಹೇಳಿರಬಹುದು. ಅದರಲ್ಲಿ 5,000 ರೂಪಾಯಿವರೆಗೆ ತುಂಬಿಟ್ಟು, 1,000ದವರೆಗಿನ ಪಾವತಿಯನ್ನು ಪಿನ್ ಇಲ್ಲದೆ ಮಾಡಬಹುದು. ನಿಮ್ಮ ತಂದೆಗೆ ಇದು ಬೇಡ. ಲೈಟ್‌ನಲ್ಲಿ ಮಾಡಿದ ಸಣ್ಣ ಪಾವತಿಗಳು ಪಾಸ್‌ಬುಕ್ಕಿನಲ್ಲಿ ಒಂದೊಂದಾಗಿ ಬರುವುದಿಲ್ಲ, ತುಂಬಿದ ಮೊತ್ತ ಮಾತ್ರ ಬರುತ್ತದೆ. ನಮೂದು ನೋಡಿ ನೆಮ್ಮದಿ ಪಡುವವರಿಗೆ ನಮೂದೇ ಇಲ್ಲದ ದಾರಿ ತೋರಿಸಬಾರದು. 2024ರಲ್ಲಿ ಬಂದ ಯುಪಿಐ ಸರ್ಕಲ್ ಕೂಡ ಅವರಿಗಲ್ಲ. ಅದರ ಒಂದು ಬಗೆಯಲ್ಲಿ ಅವರು ಪಾವತಿ ಕೇಳಿದರೆ ನಿಮ್ಮ ಫೋನಿಗೆ ಬರುತ್ತದೆ, ನೀವು ಪಿನ್ ಹಾಕಿದರೆ ದುಡ್ಡು ಹೋಗುತ್ತದೆ. ತಾನು ದುಡಿದ ದುಡ್ಡಿಗೆ ಮಗಳ ಅನುಮತಿ ಕೇಳುವುದನ್ನು ಅವರು ಒಪ್ಪುವುದಿಲ್ಲ, ಒಪ್ಪಬೇಕಾದ್ದೂ ಇಲ್ಲ. ತಾಯಿಯ ಮಟ್ಟಿಗೆ ಇದೇ ಸೌಲಭ್ಯ ಒಳ್ಳೆಯದು, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಫೋನಿನ ದೇಹಕ್ಕೆ ಬನ್ನಿ. ‘ಒತ್ತಿದರೂ ಆಗುತ್ತಿಲ್ಲ’ ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಸ್ಪರ್ಶ ಪರದೆ ಬೆರಳಿನ ವಿದ್ಯುತ್ ವಾಹಕತೆಯಿಂದ ಕೆಲಸ ಮಾಡುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಒಣ ಬೆರಳನ್ನು ಪರದೆ ಗುರುತಿಸುವುದು ಕಡಿಮೆ. ಆಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಫೋನ್ ಅದನ್ನು ‘ಒತ್ತಿ ಹಿಡಿದರು’ ಎಂದು ತಿಳಿದು ಬೇರೆಯೇ ಪಟ್ಟಿ ತೆರೆಯುತ್ತದೆ, ಇಲ್ಲವೇ ಐಕಾನು ಎತ್ತಿ ಬೇರೆಡೆ ಇಡುತ್ತದೆ. ‘ನಾನೇನೂ ಮಾಡಲಿಲ್ಲ, ಅದೇ ಹೋಯಿತು’ ಎಂಬ ದೂರಿನ ಅರ್ಧ ಕಥೆ ಇದು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ‘ಟಚ್ ಆಂಡ್ ಹೋಲ್ಡ್ ಡಿಲೇ’ಯನ್ನು ಲಾಂಗ್‌ಗೆ ಇಡಿ. ಕೈ ನಡುಗುವವರಿಗೆ ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಇಗ್ನೋರ್ ರಿಪೀಟೆಡ್ ಟಚಸ್’ ಎಂಬುದೂ ಇದೆ. ಒಂದರ ಹಿಂದೊಂದು ಬಿದ್ದ ಎರಡನೇ ಒತ್ತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಪ್ಪ ಸ್ಕ್ರೀನ್‌ಗಾರ್ಡ್ ಹಾಕಿಸಿದ್ದರೆ ತೆಗೆಸಿ, ಅಥವಾ ಟಚ್ ಸೆನ್ಸಿಟಿವಿಟಿ ಹೆಚ್ಚಿಸಿ. ಫೋನ್ ಹಿಡಿಯುವ ಮೊದಲು ಕೈಗೆ ಚೂರು ಕ್ರೀಮ್ ಸವರಿ ಒರೆಸಿಕೊಂಡರೂ ವ್ಯತ್ಯಾಸ ಕಾಣುತ್ತದೆ.

ಪರದೆ ಆರುವ ಸಮಯವನ್ನು 30 ಸೆಕೆಂಡಿನಿಂದ 2 ನಿಮಿಷಕ್ಕೆ ಏರಿಸಿ. ಓದಿ ಮುಗಿಸುವುದರೊಳಗೆ ಕಪ್ಪಾಗುವ ಪರದೆಯಷ್ಟು ಆತ್ಮವಿಶ್ವಾಸ ಕೆಡಿಸುವುದು ಬೇರೊಂದಿಲ್ಲ. ಬೆರಳು ಜಾರಿಸುವ ಜೆಸ್ಚರ್ ನ್ಯಾವಿಗೇಶನ್ ತೆಗೆದು ಕೆಳಗಿನ ಮೂರು ಗುಂಡಿಗಳನ್ನು ವಾಪಸ್ ತನ್ನಿ. ಎಲ್ಲಿಗೆ ಹೋದರೂ ಮನೆಗೆ ಮರಳುವ ದಾರಿ ಕಣ್ಣಿಗೆ ಕಾಣುತ್ತಿರಬೇಕು. ಅಕ್ಷರ ದೊಡ್ಡದು ಮಾಡಿ, ಆದರೆ ಕೊನೆಯ ಹಂತದವರೆಗೆ ಅಲ್ಲ. ತೀರಾ ದೊಡ್ಡದಾದರೆ ಕೆಲವು ಬ್ಯಾಂಕ್ ಆ್ಯಪ್‌ಗಳಲ್ಲಿ ‘ಮುಂದೆ’ ಗುಂಡಿ ಪರದೆಯ ಕೆಳಗೆ ಜಾರಿ ಕಾಣದಾಗುತ್ತದೆ. ಬೈಫೋಕಲ್ ಕನ್ನಡಕ ಹಾಕುವವರು ಫೋನನ್ನು ಎದೆಯ ಮಟ್ಟದಲ್ಲಿ ಹಿಡಿಯಬೇಕು, ಮುಖದ ಎದುರು ಹಿಡಿದರೆ ದೂರದ ಗಾಜಿನಲ್ಲಿ ನೋಡಿದಂತಾಗುತ್ತದೆ.

ಭಾಷೆಯ ಮಾತು ಮುಂಬೈ ಕನ್ನಡಿಗರ ಮನೆಗಳಲ್ಲಿ ಸ್ವಲ್ಪ ತೊಡಕಿನದು. ಫೋನನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿದರೆ ಅಜ್ಜ ಓದಬಲ್ಲರು, ಆದರೆ ಸಹಾಯ ಮಾಡಬೇಕಾದ ಮೊಮ್ಮಗ ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಓದಿ ಬೆಳೆದವನು. ಅಂಗಡಿಯವನೂ, ಬ್ಯಾಂಕಿನ ಕೌಂಟರಿನವರೂ ಕನ್ನಡ ಓದಲಾರರು. ಸಿಕ್ಕಿಹಾಕಿಕೊಂಡಾಗ ಬಿಡಿಸುವವರೇ ಇಲ್ಲ. ಜೊತೆಗೆ, ನಿಮ್ಮ ತಂದೆ ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಎಂದೇ ಬದುಕಿದವರು. ಬ್ಯಾಲೆನ್ಸ್ ಇರುವ ಜಾಗದಲ್ಲಿ ‘ಬಾಕಿ’ ಎಂದು ಕಂಡರೆ ಯಾರಿಗೋ ಸಾಲ ಕೊಡಬೇಕೇನೋ ಎಂದು ಗಾಬರಿಯಾದಾರು. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡಬಹುದು. ಫೋನೂ ಪಾವತಿಯ ಆ್ಯಪ್ಪೂ ಇಂಗ್ಲಿಷಿನಲ್ಲಿರಲಿ, ವಾಟ್ಸ್ಯಾಪ್ ಕನ್ನಡದಲ್ಲಿರಲಿ. ಕೀಬೋರ್ಡಿಗೆ ಕನ್ನಡ ಸೇರಿಸಿ, ಮೈಕ್ ಒತ್ತಿ ಮಾತಾಡಿದರೆ ಕನ್ನಡ ಅಕ್ಷರ ಮೂಡುವುದನ್ನು ತೋರಿಸಿ.

ಯುಪಿಐ ಆ್ಯಪ್ ಜೋಡಿಸುವ ದಿನ ಅವರ ಎದುರು ಪ್ರಯೋಗ ಬೇಡ, ಹಿಂದಿನ ರಾತ್ರಿಯೇ ಎಲ್ಲ ತಯಾರಿ ನೋಡಿಕೊಳ್ಳಿ. ಆ್ಯಪ್ ತಾನಾಗಿ ಒಂದು ಎಸ್ಸೆಮ್ಮೆಸ್ ಕಳಿಸಿ ಸಂಖ್ಯೆ ಖಚಿತಪಡಿಸಿಕೊಳ್ಳುತ್ತದೆ. ಅದು ಬ್ಯಾಂಕಿನಲ್ಲಿ ದಾಖಲಾದ ಸಿಮ್‌ನಿಂದಲೇ ಹೋಗಬೇಕು. ಎರಡು ಸಿಮ್ ಇದ್ದು ತಪ್ಪು ಸಿಮ್ ಆಯ್ಕೆಯಾಗಿದ್ದರೆ, ಅಥವಾ ಹೊರಹೋಗುವ ಎಸ್ಸೆಮ್ಮೆಸ್‌ಗೆ ರೀಚಾರ್ಜ್ ಇಲ್ಲದಿದ್ದರೆ, ‘ವೆರಿಫಿಕೇಶನ್ ಫೇಲ್ಡ್’ ಎಂದು ಮತ್ತೆ ಮತ್ತೆ ಬರುತ್ತದೆ. ಮೊದಲ ದಿನವೇ ಮೂರು ಸಲ ಫೇಲ್ ಎಂದು ಕಂಡರೆ ಅವರು ಎದ್ದು ಹೋಗುತ್ತಾರೆ. ಪಿನ್ ಹಾಕಿಕೊಳ್ಳಲು ಹೊಸ ಖಾತೆಯ ಡೆಬಿಟ್ ಕಾರ್ಡ್ ಅಥವಾ ಆಧಾರ್ ಒಟಿಪಿ ಬೇಕು. ಪಿನ್ ಅವರೇ ಆರಿಸಿ ಅವರೇ ಒತ್ತಲಿ. ಆ ಹೊತ್ತಿಗೆ ನೀವು ಮುಖ ಆಚೆ ತಿರುಗಿಸಿ, ಮೊಮ್ಮಗನಿಗೂ ತಿರುಗಿಸಲು ಹೇಳಿ.

ಇನ್ನು ಕಲಿಸುವುದು. ಫೋನ್ ಅವರ ಕೈಯಲ್ಲಿ, ನಿಮ್ಮ ಎರಡೂ ಕೈ ನಿಮ್ಮ ಮಡಿಲಲ್ಲಿ. ಇದೊಂದು ನಿಯಮ ಮುರಿದರೆ ಉಳಿದದ್ದೆಲ್ಲ ವ್ಯರ್ಥ. ‘ಕೊಡಿ ಇಲ್ಲಿ, ನಾನೇ ಮಾಡ್ತೇನೆ’ ಎಂದು ಮಗ ಕಸಿದುಕೊಂಡಾಗ ಕೆಲಸ ಮುಗಿಯುತ್ತದೆ. ಆದರೆ ಅಜ್ಜನಿಗೆ ಉಳಿಯುವುದು ‘ಇದು ನನ್ನಿಂದಾಗದು’ ಎಂಬ ತಿಳಿವಳಿಕೆ ಮಾತ್ರ. ವಯಸ್ಸಿನೊಂದಿಗೆ ನಿಧಾನವಾಗುವುದು ಹೊಸ ಮಾಹಿತಿಯನ್ನು ಹಿಡಿಯುವ ವೇಗ. ಕಟ್ಟಿಕೊಂಡ ಜ್ಞಾನ, ಪದಸಂಪತ್ತು, ತೀರ್ಮಾನ ಹಾಗೇ ಉಳಿಯುತ್ತವೆ. ಅಂದರೆ ವೇಗವಾಗಿ ತೋರಿಸಿದ್ದು ನಿಲ್ಲುವುದಿಲ್ಲ, ಗೊತ್ತಿದ್ದದ್ದಕ್ಕೆ ಕಟ್ಟಿದ್ದು ನಿಲ್ಲುತ್ತದೆ.

ಅವರಿಗೆ ಗೊತ್ತಿದ್ದದ್ದು ವೋಚರು, ಅಂದರೆ ಬ್ಯಾಂಕಿನಲ್ಲಿ ವಹಿವಾಟಿಗೆ ಬರೆಯುವ ಚೀಟಿ. ಹಾಗೇ ಹೇಳಿ: ಸ್ಕ್ಯಾನ್ ಮಾಡುವುದು ವೋಚರ್ ತೆಗೆದುಕೊಂಡ ಹಾಗೆ, ಮೊತ್ತ ಹಾಕುವುದು ಬರೆದ ಹಾಗೆ, ಹೆಸರು ಓದುವುದು ಸಹಿ ತಾಳೆ ನೋಡಿದ ಹಾಗೆ, ಪಿನ್ ಹಾಕುವುದು ಅದನ್ನು ನೋಡಿ ಪಾಸ್ ಮಾಡುವ ಪಾಸಿಂಗ್ ಆಫೀಸರ್ ಸಹಿ. ಸಹಿ ಬೀಳುವವರೆಗೆ ವೋಚರಿಗೆ ಬೆಲೆಯಿಲ್ಲ, ಹರಿದು ಹಾಕಬಹುದು. ಇದು ಬರಿಯ ಹೋಲಿಕೆಯಲ್ಲ, ಆ್ಯಪ್ ನಿಜವಾಗಿ ನಡೆಯುವುದೇ ಹೀಗೆ. ಪಿನ್ ಹಾಕುವ ಕ್ಷಣದವರೆಗೆ ಏನು ಒತ್ತಿದರೂ ಒಂದು ಪೈಸೆ ಕದಲುವುದಿಲ್ಲ. ಇದನ್ನು ಅವರು ನಂಬುವಂತೆ ಮಾಡುವ ದಾರಿ ಒಂದೇ: ಬೇಕೆಂದೇ ತಪ್ಪು ಮಾಡಿಸುವುದು. 50,000 ಎಂದು ಮೊತ್ತ ಹಾಕಿಸಿ ಪಿನ್ ಪರದೆಯವರೆಗೆ ಹೋಗಿ ಹಿಂದೆ ಬರಲಿ. ನಡುವೆ ಹೋಮ್ ಒತ್ತಲಿ. ನೀವು ಪಕ್ಕದ ಕೋಣೆಯಿಂದ ಕರೆ ಮಾಡಿ, ಪಾವತಿಯ ಮಧ್ಯೆ ಫೋನ್ ರಿಂಗಾದರೆ ಏನಾಗುತ್ತದೆ ನೋಡಲಿ. ಪ್ರತಿ ಸಲವೂ ಬ್ಯಾಲೆನ್ಸ್ ನೋಡಿ ಹಾಗೇ ಇದೆ ಎಂದು ಖಾತ್ರಿ ಮಾಡಿಕೊಳ್ಳಲಿ. ಇಂಥ ಅರ್ಧ ಗಂಟೆಯ ತಪ್ಪುಗಳು ಹತ್ತು ದಿನದ ಉಪದೇಶಕ್ಕಿಂತ ಹೆಚ್ಚು ಕಲಿಸುತ್ತವೆ.

ಆಮೇಲೆ ಒಂದೇ ಒಂದು ಕೆಲಸ: ನಿಮಗೆ 1 ರೂಪಾಯಿ ಕಳಿಸುವುದು. ಮೊದಲ ದಿನ ಐದು ಸಲ, ಮರುದಿನ ಮೂರು ಸಲ, ನಾಲ್ಕನೇ ದಿನ, ಎಂಟನೇ ದಿನ. ನಡುವಿನ ಬಿಡುವು ಬೇಕೇ ಬೇಕು. ಮರೆಯುವ ಅಂಚಿಗೆ ಹೋಗಿ ನೆನಪಿಸಿಕೊಂಡದ್ದೇ ಉಳಿಯುವುದು. ಬೆಳಿಗ್ಗೆ ಕಾಫಿಯಾದ ಮೇಲೆ 20 ನಿಮಿಷ, ಅದಕ್ಕಿಂತ ಹೆಚ್ಚಲ್ಲ. ನೀವು ರಾತ್ರಿ ಬರುವವರಾದ್ದರಿಂದ ಶನಿವಾರ, ಭಾನುವಾರ ಇಟ್ಟುಕೊಳ್ಳಿ, ನಡುವಿನ ದಿನಗಳಲ್ಲಿ ಅವರು ಲೋಕಲ್‌ನಲ್ಲಿರುವ ನಿಮಗೆ 1 ರೂಪಾಯಿ ಕಳಿಸಲಿ. ಬಂತು ಎಂದು ಕೂಡಲೇ ತಿಳಿಸಿ.

ಹಂತಗಳನ್ನು ಅವರೇ ತಮ್ಮ ವಹಿಯಲ್ಲಿ, ತಮ್ಮ ಮಾತಿನಲ್ಲಿ, ಕನ್ನಡದಲ್ಲಿ ಬರೆಯಲಿ. ನೀವು ಟೈಪ್ ಮಾಡಿ ಕೊಟ್ಟ ಹಾಳೆಗೆ ಬೆಲೆ ಬರುವುದಿಲ್ಲ. ‘ಕೆಳಗಿನ ನೀಲಿ ಗುಂಡಿ ಒತ್ತು’ ಎಂದು ಬರೆಯಲು ಬಿಡಬೇಡಿ, ಅಪ್‌ಡೇಟ್ ಬಂದ ದಿನ ಬಣ್ಣವೂ ಜಾಗವೂ ಬದಲಾಗುತ್ತದೆ. ಅಪ್‌ಡೇಟ್ ನಿಲ್ಲಿಸುವಂತೆಯೂ ಇಲ್ಲ, ಬ್ಯಾಂಕ್ ಆ್ಯಪ್‌ಗಳಿಗೆ ಸುರಕ್ಷತೆಯ ದೃಷ್ಟಿಯಿಂದ ಅದು ಬೇಕು. ‘ಯಾರಿಗೆ, ಎಷ್ಟು, ಹೆಸರು ಓದು, ಪಿನ್, ಯುಟಿಆರ್ ಬರೆದುಕೋ’ ಎಂದು ಉದ್ದೇಶದ ಮಾತಿನಲ್ಲಿ ಬರೆದದ್ದು ಗುಂಡಿ ಎಲ್ಲಿಗೆ ಸರಿದರೂ ಉಪಯೋಗಕ್ಕೆ ಬರುತ್ತದೆ. ಪ್ರತಿ ಪಾವತಿಗೆ ಯುಟಿಆರ್ ಎಂಬ 12 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ವಹಿಯಲ್ಲಿ ಬರೆದುಕೊಂಡು ತಿಂಗಳ ಕೊನೆಗೆ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವುದು ಅವರಿಗೆ ರೂಢಿಯಾದ ಕೆಲಸ. ಕಳೆದುಹೋಗಿದ್ದ ಸಂಜೆಯ ಟ್ಯಾಲಿ ಹೀಗೆ ವಾಪಸ್ ಬರುತ್ತದೆ.

ಅಂಗಡಿಯಲ್ಲಿ ಮೊದಲ ಪಾವತಿ ಗೊತ್ತಿರುವ ಕಿರಾಣಿಯಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹಿಂದೆ ಸಾಲು ಇಲ್ಲದಾಗ. ಸ್ಟೇಷನ್ ಎದುರಿನ ಭಾಜಿವಾಲಾನ ಬಳಿ ಸಂಜೆ ಆರಕ್ಕೆ ಅಲ್ಲ. ಎರಡು ಸಂಗತಿಗಳನ್ನು ಮೊದಲೇ ಹೇಳಿಡಿ. ಒಂದು, ಕ್ಯೂಆರ್ ಮೇಲೆ ಬರೆದ ಅಂಗಡಿಯ ಹೆಸರು ಒಂದಿದ್ದು ಪರದೆಯಲ್ಲಿ ಬೇರೆ ಹೆಸರು ಬರಬಹುದು. ಖಾತೆ ಅಂಗಡಿಯವನ ಹೆಂಡತಿಯದೋ ಮಗನದೋ ಇರುತ್ತದೆ. ಹೆಸರು ಓದಿ ಹೇಳಿ ‘ಇದೇನಾ?’ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಎರಡು, ‘ಪೆಂಡಿಂಗ್’ ಎಂದು ನಿಂತರೆ ಮತ್ತೆ ಒತ್ತಬಾರದು. ಎರಡು ಸಲ ದುಡ್ಡು ಹೋಗುವುದು ಹೀಗೆಯೇ. ಒಂದೆರಡು ನಿಮಿಷ ಕಾದು, ಆಗದಿದ್ದರೆ ನಗದು ಕೊಟ್ಟು ಯುಟಿಆರ್ ಬರೆದುಕೊಂಡು ಬರಲಿ. ಖಾತೆಯಿಂದ ಕಳೆದು ಅಂಗಡಿಗೆ ತಲುಪದ ಹಣ ತಾನಾಗಿ ಮರಳಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದಂತೆ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಕ್ಕೆ ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದಕ್ಕೆ ಐದು ದಿನದೊಳಗೆ, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಯಮದ ಈ ಅಂಕೆಗಳನ್ನು ಕೇಳಿದರೆ ನಿಮ್ಮ ತಂದೆಗೆ ಫೋನಿನ ಬಗ್ಗೆ ಅರ್ಧ ಗೌರವ ಬಂದೀತು.

ಲೋಕಲ್ ಟಿಕೆಟ್ ಎರಡನೇ ಪಾಠವಾಗಬಹುದು. 2025ರಲ್ಲಿ ಬಂದ ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಸ್ಟೇಷನ್ನಿನೊಳಗೆ ಕಾಲಿಟ್ಟ ಮೇಲೆ ಕಾಗದವಿಲ್ಲದ ಟಿಕೆಟ್ ತೆಗೆಯಲು ಹೊರಟರೆ ಆಗುವುದಿಲ್ಲ. ಟಿಸಿ ಕಂಡ ಮೇಲೆ ತೆಗೆಯಬಾರದೆಂದು ಜಿಪಿಎಸ್ ನೋಡಿ ತಡೆಯುತ್ತದೆ. ಮನೆಯಲ್ಲೇ ತೆಗೆದುಕೊಂಡು ಹೊರಡಲಿ.

ತಾಯಿಯ ವಿಷಯ ಹೆಚ್ಚು ತುರ್ತಿನದು. ಮನೆಯವರೆಲ್ಲ ತಂದೆಯನ್ನು ಸಮಸ್ಯೆ ಎಂದುಕೊಂಡಿದ್ದೀರಿ, ನನ್ನ ಚಿಂತೆ ತಾಯಿಯದು. ಧೈರ್ಯ ಇದೆ, ತಡೆಗೋಡೆ ಇಲ್ಲ. ಇಂದು ರಾತ್ರಿಯೇ ಮಾಡಬಹುದಾದವು: ವಾಟ್ಸ್ಯಾಪ್‌ನಲ್ಲಿ 6 ಅಂಕಿಯ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಪ್ರೈವೆಸಿಯಲ್ಲಿ ಅಪರಿಚಿತರ ಕರೆ ಮೌನಗೊಳಿಸಿ. ಗುಂಪಿಗೆ ಸೇರಿಸುವ ಅಧಿಕಾರ ‘ನನ್ನ ಸಂಪರ್ಕದವರಿಗೆ’ ಮಾತ್ರ ಕೊಡಿ. ಮೀಡಿಯಾ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪಟ್ಟಿಗೆ ಹೋಗಿ ವಾಟ್ಸ್ಯಾಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ‘ನಾಟ್ ಅಲೌಡ್’ ಇದೆಯೇ ನೋಡಿ. ಮದುವೆ ಕರೆಯೋಲೆ, ಗ್ಯಾಸ್ ಬಿಲ್ ಬಾಕಿ, ಆರ್‌ಟಿಒ ಚಲನ್ ಎಂಬ ಹೆಸರಿನಲ್ಲಿ ಬರುವ ಫೈಲು ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಎಪಿಕೆ. ಅಂದರೆ ಒಂದು ಆ್ಯಪ್. ಅದು ಫೋನಿಗೆ ಇಳಿದು ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದರೆ ಒಟಿಪಿ ನೇರ ಕಳ್ಳನಿಗೆ ಹೋಗುತ್ತದೆ. ಅವರ ಸ್ವಂತ ಖಾತೆಯನ್ನು ಫೋನಿಗೆ ಜೋಡಿಸುವ ಬದಲು ಮೇಲೆ ಹೇಳಿದ ಯುಪಿಐ ಸರ್ಕಲ್‌ನಲ್ಲಿ ನಿಮ್ಮ ಕೆಳಗೆ ಸೇರಿಸಿಕೊಳ್ಳಿ.

ಅವರೊಂದಿಗೆ ಬಾಯಿಪಾಠ ಮಾಡಬೇಕಾದ ಮಾತು: ದುಡ್ಡು ಬರಬೇಕಾದರೆ ಪಿನ್ ಬೇಡ, ಹೋಗಬೇಕಾದರೆ ಮಾತ್ರ ಪಿನ್. ಯಾರೇ ‘ದುಡ್ಡು ಕಳಿಸುತ್ತೇನೆ, ಪಿನ್ ಹಾಕಿ’ ಎಂದರೆ ಅವನು ಕಳ್ಳ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸ್, ಸಿಬಿಐ, ಕಸ್ಟಮ್ಸ್ ಯಾರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ. ನಿಮ್ಮದೋ ಮೊಮ್ಮಗನದೋ ದನಿಯಲ್ಲೇ ‘ಅಪಘಾತವಾಗಿದೆ, ದುಡ್ಡು ಕಳಿಸಿ’ ಎಂದು ಕರೆ ಬಂದರೆ, ಊರಿನ ಮನೆಯ ದನದ ಹೆಸರೋ ಅಜ್ಜಿಯ ಅಡ್ಡಹೆಸರೋ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಕೇಳುವುದೆಂದು ಈಗಲೇ ನಿಶ್ಚಯಿಸಿಕೊಳ್ಳಿ. 2,000 ರೂಪಾಯಿ ಮೀರಿದ ಯಾವ ಪಾವತಿಗೂ ಮನೆಯ ಇನ್ನೊಬ್ಬರು ನೋಡಬೇಕು. ಒಬ್ಬರು ಬರೆದು ಇನ್ನೊಬ್ಬರು ತಾಳೆ ನೋಡುವ, ಬ್ಯಾಂಕಿನ ಮೇಕರ್-ಚೆಕರ್ ಪದ್ಧತಿ ಇದು, ಮನೆಯ ಚೆಕರ್ ಹುದ್ದೆ ನಿಮ್ಮ ತಂದೆಗೇ ಕೊಡಿ. ಮೋಸ ಆಗಿಹೋದರೆ ಬಯ್ಯುತ್ತ ಕೂರದೆ ತಕ್ಷಣ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ. ಖಾತೆ ಸಂಖ್ಯೆ, ಯುಟಿಆರ್, ಮೊತ್ತ, ಸಮಯ ಕೈಯಲ್ಲಿರಲಿ. ಹಣ ಇನ್ನೊಂದು ಖಾತೆಯಲ್ಲಿ ಇನ್ನೂ ಇರುವಾಗಲೇ ತಡೆಹಿಡಿಯಲು ಸಾಧ್ಯ, ಮೊದಲ ಒಂದೆರಡು ಗಂಟೆಗಳೇ ನಿರ್ಣಾಯಕ. ಬಯ್ಗುಳದ ಭಯಕ್ಕೆ ಮುಚ್ಚಿಟ್ಟ ಮೋಸ ಮರಳಿ ಸಿಗುವುದಿಲ್ಲ. ಹಾಗಾಗಿ ‘ಯಾರೂ ಬಯ್ಯುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟಿರಿ.

ಮಗನಿಗೆ ಒಂದು ಕೆಲಸ ಕೊಡಿ: ಫೋನ್ ಮುಟ್ಟದೆ, ಬರೀ ಮಾತಿನಲ್ಲಿ ಅಜ್ಜನಿಂದ ಒಂದು ಪಾವತಿ ಮಾಡಿಸುವುದು. ತನಗೆ ಏನು ಗೊತ್ತಿದೆ, ಏನು ಬೆರಳಿನ ಅಭ್ಯಾಸ ಮಾತ್ರ ಎಂಬುದು ಹತ್ತು ನಿಮಿಷದಲ್ಲಿ ಅವನಿಗೇ ತಿಳಿಯುತ್ತದೆ. ಪ್ರತಿಯಾಗಿ ಅಜ್ಜ ಅವನಿಗೆ ಚೆಕ್ ಕ್ರಾಸ್ ಮಾಡುವುದು, ನಾಮಿನಿ ಎಂದರೇನು, ಪಾಸ್‌ಬುಕ್ ಓದುವುದು ಹೇಗೆ ಎಂದು ಹೇಳಿಕೊಡಲಿ, ಸಾಧ್ಯವಾದರೆ ಕನ್ನಡ ಅಕ್ಷರವನ್ನೂ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಪಾಸಾದವರ ಊರು ಈ ಮುಂಬೈ. ವಯಸ್ಸಾದ ಮೇಲೆ ಕಲಿಯುವುದು ಇಲ್ಲಿನ ಕನ್ನಡಿಗರಿಗೆ ಹೊಸದಲ್ಲ.

ಒಂದು ಎಚ್ಚರ. ಮೊದಲು ಚೆನ್ನಾಗಿ ಮಾಡುತ್ತಿದ್ದವರು ಕೆಲವು ತಿಂಗಳಲ್ಲಿ ಪಿನ್ ಪದೇ ಪದೇ ಮರೆಯುವುದು, ಕೊಟ್ಟ ದುಡ್ಡನ್ನೇ ಮತ್ತೆ ಕೊಡುವುದು, ಪರಿಚಿತ ದಾರಿ ತಪ್ಪುವುದು ಕಂಡರೆ ಅದು ತಂತ್ರಜ್ಞಾನದ ಮಾತಲ್ಲ, ನರರೋಗ ತಜ್ಞರಿಗೆ ತೋರಿಸಿ. ಕಲಿಯಲು ಒಲ್ಲೆ ಎನ್ನುವುದಕ್ಕೂ ಕಲಿತದ್ದು ಜಾರುವುದಕ್ಕೂ ತುಂಬ ವ್ಯತ್ಯಾಸವಿದೆ.

ಮತ್ತು ಪಾಸ್‌ಬುಕ್ಕನ್ನು ಬಿಡಿಸಲು ಹೋಗಬೇಡಿ. ಎಫ್‌ಡಿ, ಲಾಕರ್ ಬ್ಯಾಂಕಿನಲ್ಲೇ ನಡೆಯಲಿ. ಅಲ್ಲಿ ಅವರಿಗೆ ಮಾತಾಡುವ ಜನ ಸಿಗುತ್ತಾರೆ, ಅದೂ ಒಂದು ಲಾಭವೇ. ಫೋನ್ ನಿಜವಾಗಿ ಅವರ ಕಾಲು ನೋವು ತಪ್ಪಿಸುವುದು, ಪಿಂಚಣಿದಾರರು ಬದುಕಿರುವುದಕ್ಕೆ ನವೆಂಬರ್ ತಿಂಗಳಲ್ಲಿ ಕೊಡುವ ಜೀವನ ಪ್ರಮಾಣ ಪತ್ರದ ವಿಷಯದಲ್ಲಿ. 2014ರಲ್ಲಿ ಶುರುವಾದ ಅದರ ಡಿಜಿಟಲ್ ರೂಪ ಜೀವನ್ ಪ್ರಮಾಣ್ ಅನ್ನು 2021ರಿಂದ ಮುಖ ತೋರಿಸಿಯೂ ಸಲ್ಲಿಸಬಹುದು. ಬೆರಳಚ್ಚು ಸವೆದು ಯಂತ್ರ ಒಪ್ಪದ ಹಿರಿಯರಿಗೆ ಇದೇ ಸರಿ. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಫೇಸ್ ಎಂಬ ಎರಡು ಆ್ಯಪ್ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಕಿಟಕಿಗೆ ಮುಖ ಮಾಡಿ ಕೂರಿಸಿ, ಬೆಳಕು ಬೆನ್ನ ಹಿಂದಿದ್ದರೆ ಕ್ಯಾಮೆರಾ ಒಪ್ಪದು. ಕನ್ನಡಕ ತೆಗೆದು, ಹೇಳಿದಾಗ ಕಣ್ಣು ಮಿಟುಕಿಸಲಿ. ತಿರಸ್ಕಾರವಾಗುವುದು ಹೆಚ್ಚಾಗಿ ಮುಖದಿಂದಲ್ಲ, ಪಿಂಚಣಿ ಮಂಜೂರು ಮಾಡಿದವರು ಯಾರು, ಪಾವತಿಸುವ ಬ್ಯಾಂಕ್ ಯಾವುದು ಎಂಬ ಪಟ್ಟಿಯಲ್ಲಿ ತಪ್ಪು ಆರಿಸಿದ್ದರಿಂದ. ಬ್ಯಾಂಕ್ ವಿಲೀನವಾಗಿದ್ದರೆ ಈಗಿನ ಹೆಸರನ್ನೇ ಆರಿಸಬೇಕು. ಬಂದ ಪ್ರಮಾಣ್ ಐಡಿಯನ್ನು ಅವರು ವಹಿಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಪಾಸ್‌ಬುಕ್ ತುಂಬಿಸಲು ಹೋದಾಗ ಅಲ್ಲಿ ದಾಖಲಾಗಿದೆಯೇ ಎಂದು ಕೌಂಟರಿನಲ್ಲಿ ಕೇಳಿ ಬರಲಿ.